ಓದುಗರು ಯಾವ ದಾರಿಯಲ್ಲಿ ಬರುತ್ತಾರೆ?

ಕಡೂರಿನ ಹತ್ತಿರದ ಹಳ್ಳಿಯೊಂದರ ಹುಡುಗಿ. ಹತ್ತನೆಯ ತರಗತಿ ಮುಗಿಸಿ ರಜೆಯಲ್ಲಿ ಮನೆಯಲ್ಲಿದ್ದಾಳೆ. ಅಪ್ಪನ ಮೊಬೈಲಿನಲ್ಲಿ ಅವಳೊಂದು ಬ್ಲಾಗ್ ತೆರೆದಳು ಎಂದಿಟ್ಟುಕೊಳ್ಳಿ. ಅದಕ್ಕೊಂದು ಚೆಂದದ ಹೆಸರಿಟ್ಟಳು. ಮೇಲೆ ತೆಂಗಿನ ತೋಟದ ಚಿತ್ರ ಹಾಕಿದಳು. ‘ಪರಿಸರ ಸಂರಕ್ಷಣೆ’, ‘ಗ್ರಂಥಾಲಯದ ಮಹತ್ವ’, ‘ವಿಜ್ಞಾನದ ಉಪಯೋಗಗಳು’ ಎಂದು ಮೂರು ಪ್ರಬಂಧಗಳನ್ನೂ ಬರೆದಳು. ತಿಂಗಳು ಕಳೆದ ಮೇಲೆ ಎಷ್ಟು ಮಂದಿ ನೋಡಿದ್ದಾರೆಂದು ಲೆಕ್ಕ ತೆಗೆದರೆ 41 ಎಂದಿತ್ತು. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಸಲ ನೋಡಿದ್ದವಳು ಅವಳೇ!

‘ಓದೋದು ಬಿಟ್ಟು ಇದೊಂದು ಹಚ್ಕೊಂಡಿದ್ದೀಯ. ಯಾರು ನೋಡ್ತಾರಮ್ಮ ಇದನ್ನ?’ ಎಂದರು ಅಪ್ಪ.

ಹುಡುಗಿಗೆ ಅಳು ಬಂದಿರಬೇಕು. ಆದರೆ ಅಪ್ಪ ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ಯಾರು ನೋಡುತ್ತಾರೆ? ಏಕೆ ನೋಡುತ್ತಾರೆ? ಅವರು ಅಲ್ಲಿಗೆ ಬರುವುದಾದರೂ ಯಾವ ದಾರಿಯಲ್ಲಿ? ಬ್ಲಾಗಾಗಲಿ ಜಾಲತಾಣವಾಗಲಿ, ಬರೆಯುವವರೆಲ್ಲ ಮೊದಲ ದಿನವೇ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಹೊತ್ತು ಮಾರಿದವರು

ಕನ್ನಡಕ್ಕೆ ಈ ಪ್ರಶ್ನೆ ಹೊಸದೇನಲ್ಲ. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿ ಬರೆಯತೊಡಗಿದಾಗ ಕನ್ನಡದಲ್ಲಿ ಕಾದಂಬರಿ ಓದುವ ರೂಢಿಯೇ ಇನ್ನೂ ಬೆಳೆದಿರಲಿಲ್ಲ. ಅವರು ಓದುಗರು ತಮ್ಮ ಬಳಿ ಬರಲೆಂದು ಕಾಯುತ್ತ ಕೂರಲಿಲ್ಲ. ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದರು, ಮನೆಯ ಬಾಗಿಲಿಗೇ ಹೋಗಿ ಮಾರಿದರು. ಹೀಗೆ ತಿರುಗಿದವರಿಗೆ ಜನ ಏನು ಕೇಳುತ್ತಾರೆ, ಯಾವುದನ್ನು ಓದಿ ಮುಗಿಸುತ್ತಾರೆ, ಯಾವುದನ್ನು ಅರ್ಧಕ್ಕೇ ಬಿಡುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ.

ವಿಜ್ಞಾನದ ಬರವಣಿಗೆಯ ಕಥೆಯೂ ಇಂಥದೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಬರೆಯುವವರು ಘಟಾನುಘಟಿಗಳು, ವಿಷಯಗಳೂ ಒಳ್ಳೆಯವು. ಆದರೂ ಅದು ನಡೆದದ್ದು ಎರಡೇ ವರ್ಷ. 1978ರಲ್ಲಿ ಆರಂಭವಾದ ‘ಬಾಲವಿಜ್ಞಾನ’ವಾದರೋ ಮುಂದೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಆಸರೆಯಲ್ಲಿ ಹಳ್ಳಿಯ ಶಾಲೆಗಳವರೆಗೂ ತಲುಪಿತು. ಓದುವ ಮಕ್ಕಳು ಎಲ್ಲಿದ್ದರೋ ಪತ್ರಿಕೆಯೇ ಅಲ್ಲಿಗೆ ಹೋಯಿತು. ಬರಹ ಒಳ್ಳೆಯದಾಗಿದ್ದರೆ ಸಾಲದು, ಅದಕ್ಕೂ ಓದುಗರಿಗೂ ನಡುವೆ ದಾರಿಯಿರಬೇಕು. ಅಂತರಜಾಲದಲ್ಲಿ ಆ ದಾರಿ ಹೇಗಿರುತ್ತದೆ ಎಂಬುದನ್ನು ಈಗ ನೋಡೋಣ.

ಯಂತ್ರ ಕನ್ನಡ ಕಲಿತದ್ದು

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮರುವರ್ಷ, ಅಂದರೆ 1996ರ ಡಿಸೆಂಬರಿನಲ್ಲಿ, ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ಕನ್ನಡದ ಮಟ್ಟಿಗೆ ಅದೇ ಮೊದಲನೆಯದು. ಆ ಕಾಲದಲ್ಲಿ ಕನ್ನಡ ಬರೆಯುವವರಿಗೊಂದು ವಿಚಿತ್ರ ತೊಡಕಿತ್ತು. ಪರದೆಯ ಮೇಲೆ ‘ಕ’ ಕಾಣುತ್ತಿತ್ತು ನಿಜ. ಆದರೆ ಗಣಕದ ಒಳಗೆ ಅದರ ಜಾಗದಲ್ಲಿ ಕುಳಿತಿದ್ದುದು ಯಾವುದೋ ಇಂಗ್ಲಿಷ್ ಅಕ್ಷರ ಅಥವಾ ಚಿಹ್ನೆ. ಅದಕ್ಕೆ ಕನ್ನಡದ ಮುಖವಾಡ ತೊಡಿಸುತ್ತಿದ್ದುದು ಫಾಂಟ್. ಒಂದೊಂದು ಫಾಂಟಿನದು ಒಂದೊಂದು ಏರ್ಪಾಡು. ಹೀಗಾಗಿ ಮನುಷ್ಯನ ಕಣ್ಣಿಗೆ ಅದು ಕನ್ನಡ, ಯಂತ್ರದ ಪಾಲಿಗೆ ಅರ್ಥವಿಲ್ಲದ ಅಕ್ಷರಗಳ ರಾಶಿ. ‘ಕಡೂರು’ ಎಂದು ಹುಡುಕಿದರೆ ಕಡೂರಿನ ಬಗ್ಗೆ ಬರೆದ ಪುಟ ಸಿಗುವ ಭರವಸೆಯೇ ಇರಲಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಪ್ರಪಂಚದ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಒಂದು ಸಂಖ್ಯೆ ಕೊಡುವ ವ್ಯವಸ್ಥೆಯಿದು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಯಾವ ಫಾಂಟಿನಲ್ಲಿ ಬರೆದರೂ, ಯಾವ ಯಂತ್ರದಲ್ಲಿ ತೆರೆದರೂ ಆ ಸಂಖ್ಯೆ ಬದಲಾಗದು. 1991ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಜನರ ಗಣಕಗಳಲ್ಲಿ ಅದು ನೆಲೆಯೂರಿದ್ದು ಹತ್ತು ವರ್ಷಗಳ ನಂತರ, 2001ರ ವಿಂಡೋಸ್ ಎಕ್ಸ್‌ಪಿಯಂಥ ವ್ಯವಸ್ಥೆಗಳು ಬಂದ ಮೇಲೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡನ್ನೇ ನಂಬಿ ಬೆಳೆಯಿತು. ಇಂದು ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ.

ನಮ್ಮ ಹುಡುಗಿಗೆ ಇದರಿಂದ ಸಿಗುವ ಮೊದಲ ಪಾಠ ಸರಳವಾದದ್ದು: ಬರೆದದ್ದನ್ನು ಯಂತ್ರವೂ ಓದುವಂತಿರಬೇಕು. ಕೈಬರಹದ ಹಾಳೆಯ ಫೋಟೋ ಹಾಕಿ ಸುಮ್ಮನಾದರೆ ಶೋಧಯಂತ್ರ ಅದರಲ್ಲಿರುವುದನ್ನೆಲ್ಲ ಸರಿಯಾಗಿ ಓದಿಕೊಳ್ಳುತ್ತದೆಂದು ನಂಬುವಂತಿಲ್ಲ. ಹಳೆಯ ಫಾಂಟಿನಲ್ಲಿರುವ ಬರಹವನ್ನು ಯೂನಿಕೋಡಿಗೆ ಬದಲಾಯಿಸಿಯೇ ಹಾಕಬೇಕು. ತಲೆಬರಹವೂ ಅಷ್ಟೇ ಮುಖ್ಯ. ‘ಹನಿ ಹನಿ’ ಎಂಬ ಶೀರ್ಷಿಕೆ ಕವಿತೆಗಾದರೆ ಚೆನ್ನ. ಮಳೆಯ ಲೆಕ್ಕ ಹುಡುಕುವ ರೈತ ಹಾಗೆ ಹುಡುಕುವುದಿಲ್ಲ. ‘ಕಡೂರು ತಾಲ್ಲೂಕಿನ ಜೂನ್ ತಿಂಗಳ ಮಳೆ’ ಎಂದರೆ ಅದು ಅವನಿಗೂ ತಿಳಿಯುತ್ತದೆ, ಯಂತ್ರಕ್ಕೂ ತಿಳಿಯುತ್ತದೆ. ಊರಿನ ಹೆಸರನ್ನು ಕೆಲವರು ‘ತರೀಕೆರೆ’ ಎಂದೂ ಕೆಲವರು ‘ತರಿಕೆರೆ’ ಎಂದೂ ಬರೆಯುತ್ತಾರೆ. ಪುಟದಲ್ಲಿ ಒಂದೊಂದು ಸಲವಾದರೂ ಎರಡೂ ಬಂದಿದ್ದರೆ ಒಳ್ಳೆಯದು.

ಬೀರೂರು ಜಂಕ್ಷನ್ನಿನ ಲೆಕ್ಕ

ಯಂತ್ರ ಓದಿದ್ದಾಯಿತು. ಒಂದೇ ವಿಷಯದ ಮೇಲೆ ಸಾವಿರ ಪುಟಗಳಿದ್ದರೆ ಯಾವುದನ್ನು ಮೊದಲು ತೋರಿಸಬೇಕು? ಈ ಪ್ರಶ್ನೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳು ಒಂದು ಉತ್ತರ ಕಂಡುಕೊಂಡರು. 1998ರಲ್ಲಿ ಅವರು ಕಟ್ಟಿದ ಸಂಸ್ಥೆಯೇ ಗೂಗಲ್. ಅವರ ವಿಧಾನದ ಹೆಸರು ‘ಪೇಜ್‌ರ್‍ಯಾಂಕ್’. ಅದರ ತಿರುಳನ್ನು ತಿಳಿಯಲು ಸ್ಟ್ಯಾನ್‌ಫರ್ಡಿಗೆ ಹೋಗಬೇಕಿಲ್ಲ, ಬೀರೂರಿಗೆ ಹೋದರೆ ಸಾಕು.

ಬೆಂಗಳೂರಿನಿಂದ ರೈಲಿನಲ್ಲಿ ಬರುವವರಿಗೆ ಕಡೂರು ದಾಟಿದೊಡನೆ ಬೀರೂರು ಸಿಗುತ್ತದೆ. ಅಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ, 1899ರಲ್ಲಿ ಆರಂಭವಾದ ಇನ್ನೊಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ನಡುವಿನ ಸಣ್ಣ ನಿಲ್ದಾಣಗಳನ್ನೂ ಆಚೆಯ ಊರುಗಳನ್ನೂ ಸದ್ಯಕ್ಕೆ ಬಿಡಿ. ಕಡೂರು, ತರೀಕೆರೆ, ಅಜ್ಜಂಪುರ ಮೂರರ ನಡುವೆ ಬೀರೂರು. ಗೊತ್ತುಗುರಿಯಿಲ್ಲದ ಪ್ರಯಾಣಿಕನೊಬ್ಬ ಈ ನಾಲ್ಕು ಊರುಗಳಲ್ಲೇ ಸುಮ್ಮನೆ ಸುತ್ತುತ್ತಿದ್ದಾನೆ ಎಂದುಕೊಳ್ಳಿ. ಬೀರೂರಿನಲ್ಲಿದ್ದಾಗ ಆರು ಮುಖದ ಒಂದು ದಾಳ ಉರುಳಿಸುತ್ತಾನೆ. ಒಂದು ಅಥವಾ ಎರಡು ಬಿದ್ದರೆ ಕಡೂರಿಗೆ, ಮೂರು ಅಥವಾ ನಾಲ್ಕು ಬಿದ್ದರೆ ತರೀಕೆರೆಗೆ, ಐದು ಅಥವಾ ಆರು ಬಿದ್ದರೆ ಅಜ್ಜಂಪುರಕ್ಕೆ. ಅಲ್ಲಿಂದ ಮತ್ತೆ ಬೀರೂರಿಗೇ ಬರಬೇಕು, ಬೇರೆ ದಾರಿಯಿಲ್ಲ. ಹೀಗೆ 600 ಪ್ರಯಾಣ ಮುಗಿದಾಗ ಅವನು ಬೀರೂರಿನಲ್ಲಿ 300 ಸಲ ಇಳಿದಿರುತ್ತಾನೆ. ಉಳಿದ ಮೂರು ಊರುಗಳಿಗೆ ಸುಮಾರು ನೂರು ನೂರು ಸಲ. ಬೀರೂರು ಈ ಮೂರಕ್ಕಿಂತ ದೊಡ್ಡ ಊರೆಂದು ಹೀಗಾಗಲಿಲ್ಲ. ಎಲ್ಲರ ದಾರಿಯೂ ಅಲ್ಲಿ ಕೂಡುತ್ತದೆ, ಅಷ್ಟೆ.

2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂತು. ಲೆಕ್ಕಕ್ಕೆ ಚಿಕ್ಕಮಗಳೂರನ್ನೂ ಸೇರಿಸಿ ನೋಡಿ. ಈಗ ಕಡೂರಿನಲ್ಲಿ ಇಳಿದವನಿಗೆ ಎರಡು ದಾರಿ. 800 ಪ್ರಯಾಣಗಳಲ್ಲಿ ಬೀರೂರಿಗೆ ಸುಮಾರು 300, ಕಡೂರಿಗೆ 200, ಉಳಿದ ಮೂರಕ್ಕೆ ನೂರರಂತೆ ಬರುತ್ತದೆ. ಕಡೂರಿನ ಪಾಲು ಆರರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದಕ್ಕೆ ಏರಿತು! ಊರೇನೂ ರಾತ್ರೋರಾತ್ರಿ ಬೆಳೆಯಲಿಲ್ಲ; ಒಂದು ಕೊಂಡಿ ಹೆಚ್ಚಾಯಿತು.

ಜಾಲತಾಣಗಳಲ್ಲಿ ಹಳಿಯ ಬದಲು ಕೊಂಡಿಗಳಿರುತ್ತವೆ. ಒಂದು ಪುಟ ಇನ್ನೊಂದು ಪುಟದತ್ತ ‘ಅಲ್ಲಿ ನೋಡಿ’ ಎಂದು ಬೆರಳು ತೋರಿಸಿದರೆ ಅದು ಕೊಂಡಿ. ರೈಲಿನ ಹಳಿಯಲ್ಲಿ ಹೋಗಿ ಬರಬಹುದು, ಕೊಂಡಿಯಾದರೋ ಒಮ್ಮುಖ. ನೀವು ಯಾರಿಗೆ ಬೇಕಾದರೂ ಕೊಂಡಿ ಕೊಡಬಹುದು, ಅವರು ನಿಮಗೆ ಕೊಡಬೇಕೆಂದಿಲ್ಲ. ಆದ್ದರಿಂದಲೇ ಬೇರೆಯವರು ಕೊಟ್ಟ ಕೊಂಡಿಗೆ ಬೆಲೆ. ತೋರಿಸಿದವರು ಯಾರೆಂಬುದೂ ಮುಖ್ಯ. ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗ ಹತ್ತು ಮದುವೆ ಮಾಡಿಸಿದ ಹಿರಿಯರ ಮಾತಿಗೆ ಹೆಚ್ಚು ತೂಕ ಕೊಡುತ್ತೇವಲ್ಲ, ಹಾಗೆ. ಇಂದಿನ ಶೋಧಯಂತ್ರಗಳು ಇನ್ನೂ ಎಷ್ಟೋ ಸಂಗತಿಗಳನ್ನು ನೋಡುತ್ತವೆ. ಆದರೂ ನಂಬುವವರು ಯಾರನ್ನು ತೋರಿಸುತ್ತಾರೆ ಎಂಬ ಈ ಮೂಲ ವಿಚಾರ ಇಂದಿಗೂ ಉಳಿದಿದೆ.

ಅಡ್ಡದಾರಿಗಳು

ಇದು ತಿಳಿದವರು ಅಡ್ಡದಾರಿಗಳನ್ನೂ ಹುಡುಕಿದ್ದಾರೆ. ದುಡ್ಡು ಕೊಟ್ಟು ಕೊಂಡಿ ಕೊಳ್ಳುವುದು, ‘ನೀನು ನನ್ನದು ನೋಡು, ನಾನು ನಿನ್ನದು ನೋಡುತ್ತೇನೆ’ ಎಂದು ಗುಂಪು ಕಟ್ಟುವುದು, ಕಾಣದ ಬಣ್ಣದಲ್ಲಿ ಒಂದೇ ಪದವನ್ನು ನೂರು ಸಲ ತುಂಬುವುದು, ಹೀಗೆ. ಶೋಧಯಂತ್ರಗಳು ಇಂಥವನ್ನು ಪತ್ತೆಹಚ್ಚಿ ಆ ಪುಟವನ್ನೇ ಹಿಂದಕ್ಕೆ ತಳ್ಳುತ್ತವೆ. ಬೇರೆಯವರ ಬರಹ ಕದ್ದು ಹಾಕುವುದಂತೂ ತಪ್ಪೇ.

ಬೆಚ್ಚಿಬೀಳಿಸುವ ತಲೆಬರಹ ಕೊಟ್ಟು ಒಳಗೆ ಏನೂ ಇಲ್ಲದಿದ್ದರೆ? ಓದುಗ ಒಮ್ಮೆ ಬರುತ್ತಾನೆ. ಸಂತೆಯಲ್ಲಿ ಒಮ್ಮೆ ತೂಕದಲ್ಲಿ ಮೋಸ ಮಾಡಿದ ಅಂಗಡಿಯ ಮುಂದೆ ಎರಡನೆಯ ವಾರ ಯಾರು ನಿಲ್ಲುತ್ತಾರೆ?

2024ರಿಂದ ಇನ್ನೊಂದು ಬದಲಾವಣೆಯೂ ಆಗಿದೆ. ಅನೇಕ ಪ್ರಶ್ನೆಗಳಿಗೆ ಗೂಗಲ್ ಕೃತಕ ಬುದ್ಧಿಮತ್ತೆಯಿಂದ ಸಿದ್ಧಪಡಿಸಿದ ಉತ್ತರವನ್ನು ಪುಟದ ತಲೆಯಲ್ಲೇ ತೋರಿಸುತ್ತದೆ. ‘ಗ್ರಂಥಾಲಯದ ಮಹತ್ವ’ ತಿಳಿಯಲು ಯಾರೂ ಇನ್ನೊಂದು ಪುಟಕ್ಕೆ ಹೋಗಬೇಕಿಲ್ಲ. ಎಲ್ಲರೂ ಬರೆದದ್ದನ್ನೇ ಇನ್ನೊಮ್ಮೆ ಬರೆದರೆ ಓದುಗರು ಬಾರದಿರುವುದು ಸಹಜ. ಯಂತ್ರಕ್ಕೆ ಗೊತ್ತಿಲ್ಲದ್ದು ಒಂದಿದೆ: ನಿನ್ನೆ ರಾತ್ರಿ ನಿಮ್ಮ ಹಿತ್ತಿಲಲ್ಲಿ ಏನಾಯಿತು ಎಂಬುದು. ಅದನ್ನು ಅಲ್ಲಿದ್ದವರೇ ನೋಡಿ ಬರೆಯಬೇಕು.

ಯಾರೂ ಬರೆಯದ ಪುಟ

ಈ ಮೂರು ತಾಲ್ಲೂಕುಗಳಲ್ಲಿ ಹಾಗೆ ನೋಡಿ ಬರೆಯಬೇಕಾದದ್ದು ಬೇಕಾದಷ್ಟಿದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರಿನ ಅರಸರ, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ದಂಡಿನ ಸಾಮಾನು ಎಳೆದ ತಳಿಯದು. ಕಾವಲುಗಳಲ್ಲಿ ಆ ದನಗಳನ್ನು ಮೇಯಿಸಿದ ಹಿರಿಯರು ಕೊಂಬಿನ ಬಾಗು ನೋಡಿ, ನಡೆ ನೋಡಿ ಏನೇನು ಹೇಳಬಲ್ಲರು ಎಂಬುದು ಯಾವ ಪುಸ್ತಕದಲ್ಲಿದೆ? ಅವರನ್ನು ಕೇಳಿ ಬರೆದುಕೊಳ್ಳುವವರಿಲ್ಲದಿದ್ದರೆ ಆ ತಿಳಿವಳಿಕೆ ಅವರೊಂದಿಗೇ ಹೋಗುತ್ತದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದ, 1196ರ ಅಮೃತೇಶ್ವರ ದೇವಾಲಯವಿದೆ. ಕವಿ ಜನ್ನ ರಚಿಸಿದ ಶಾಸನ ಅಲ್ಲಿದೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯಿದೆ. ಕಡೂರಿನ ಕಡೆ ಮದಗದಕೆರೆಯಿದೆ.

ಎಲ್ಲಕ್ಕಿಂತ ಸುಲಭವಾದದ್ದು, ಎಲ್ಲರಿಗೂ ಬೇಕಾದದ್ದು ಮಳೆಯ ಲೆಕ್ಕ. ಕಡೂರಿನ ತೆಂಗು, ಅಜ್ಜಂಪುರದ ಈರುಳ್ಳಿ, ತರೀಕೆರೆಯ ಅಡಿಕೆ ಮೂರೂ ಮಳೆಯ ಮುಖವನ್ನೇ ನೋಡುತ್ತವೆ. ಈ ಊರಿನಲ್ಲಿ ಸುರಿದ ಮಳೆ ಆಚೆಯ ಊರಿನಲ್ಲಿ ಮಣ್ಣನ್ನೂ ನೆನೆಸದೆ ಹೋಗುವುದು ಇಲ್ಲಿನವರಿಗೆಲ್ಲ ಗೊತ್ತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿದೆ. ಆದರೆ ಪಂಚಾಯಿತಿ ಕೇಂದ್ರದಿಂದ ದೂರವಿರುವ ಹಳ್ಳಿಯ ಮಳೆಯನ್ನು ಅಲ್ಲಿರುವವರೇ ಅಳೆಯಬೇಕು.

ಅಳೆಯಲು ಬೇಕಾದದ್ದು ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ನೇರ ಬದಿಯ, ಪಾರದರ್ಶಕ ಡಬ್ಬಿ, ಒಂದು ಅಳತೆಪಟ್ಟಿ. ಡಬ್ಬಿಯ ತಳ ಸಮವಾಗಿಲ್ಲದಿದ್ದರೆ ಸ್ವಲ್ಪ ನೀರು ಹಾಕಿ, ಆ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಿರಿ. ಮರ, ಸೂರುಗಳಿಂದ ದೂರ, ಬಯಲಿನಲ್ಲಿ ಗಾಳಿಗೆ ಬೀಳದಂತೆ ಇಡಿ. ಹವಾಮಾನ ಇಲಾಖೆಯವರಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೋಡಿ, ನೀರು ಎಷ್ಟು ಮಿಲಿಮೀಟರ್ ಏರಿದೆಯೋ ಅಷ್ಟು ಮಳೆ ಎಂದು ಬರೆದು, ನೀರನ್ನು ಸೊನ್ನೆಯ ಗೆರೆಗೆ ಇಳಿಸಿ. ಡಬ್ಬಿ ಅಗಲವಾಗಿರಲಿ, ಕಿರಿದಾಗಿರಲಿ ಅಳತೆ ಒಂದೇ ಬರುತ್ತದೆ. ಏಕೆ ಎಂಬುದನ್ನು ವಿದ್ಯಾರ್ಥಿಗಳೇ ಯೋಚಿಸಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,047 ಚದರ ಮೀಟರ್. ಹಾಗಾದರೆ 10 ಮಿಲಿಮೀಟರ್ ಮಳೆ ಬಿದ್ದ ಒಂದು ಎಕರೆ ತೋಟಕ್ಕೆ ಆಕಾಶ ಕೊಟ್ಟದ್ದು ನಲವತ್ತು ಸಾವಿರ ಲೀಟರಿಗೂ ಮಿಗಿಲಾದ ನೀರು!

ಹುಡುಗಿ ತನ್ನ ಬ್ಲಾಗಿನಲ್ಲಿ ದಿನವೂ ಒಂದೇ ಸಾಲು ಬರೆಯಲಿ: ದಿನಾಂಕ, ಊರು, ಮಳೆ. ವಾರಕ್ಕೊಮ್ಮೆ ನಾಲ್ಕು ಮಾತು: ಯಾವ ಕೆರೆಗೆ ನೀರು ಬಂತು, ಯಾರ ಹೊಲದಲ್ಲಿ ಬಿತ್ತನೆಯಾಯಿತು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ. ತರೀಕೆರೆಯಲ್ಲೊಬ್ಬ, ಅಜ್ಜಂಪುರದಲ್ಲೊಬ್ಬ ವಿದ್ಯಾರ್ಥಿ ಹೀಗೇ ಬರೆದು ಪರಸ್ಪರ ಕೊಂಡಿ ಕೊಟ್ಟರೆ ಮೂರು ಊರಿನ ಮಳೆ ಒಂದೆಡೆ ಸಿಗುತ್ತದೆ. ಇದು ನೋಟದ ಎಣಿಕೆ ಹೆಚ್ಚಿಸುವ ಒಪ್ಪಂದವಲ್ಲ, ಒಂದು ಪುಟ ಓದಿದವನಿಗೆ ಇನ್ನೆರಡೂ ಬೇಕಾಗುತ್ತವೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಊರಿನಲ್ಲಿ ತೋಟವಿಟ್ಟವರು ಇಂಥ ಪುಟವನ್ನು ಹುಡುಕಿಕೊಂಡು ಬರುತ್ತಾರೆ. ಸಂಖ್ಯೆಯಲ್ಲಿ ಅವರು ಐವತ್ತೇ ಮಂದಿ ಇರಬಹುದು. ಆದರೆ ಮರುದಿನವೂ ಬರುತ್ತಾರೆ.

ಪಾಲಕರಿಗೆ ಎರಡು ಮಾತು

ಮಕ್ಕಳು ಬರೆಯುತ್ತಾರೆಂದರೆ ಹೆದರಬೇಕಿಲ್ಲ, ಜೊತೆಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಬ್ಲಾಗ್ ತೆರೆಯುವಾಗ ಪಾಲಕರು ಪಕ್ಕದಲ್ಲಿರಲಿ. ದೂರವಾಣಿ ಸಂಖ್ಯೆ, ಮನೆಯ ವಿಳಾಸ, ಶಾಲೆಗೆ ಹೋಗುವ ದಾರಿ ಹಾಗೂ ಸಮಯ, ಸ್ವಂತ ಫೋಟೋ ಇವಾವುವೂ ಪುಟದಲ್ಲಿ ಬೇಡ. ಓದುಗರ ಪ್ರತಿಕ್ರಿಯೆಗಳನ್ನು ದೊಡ್ಡವರು ನೋಡಿದ ಮೇಲೆಯೇ ಪ್ರಕಟಿಸುವ ವ್ಯವಸ್ಥೆ ಇಟ್ಟುಕೊಳ್ಳಿ. ದಿನಕ್ಕೆ ಹತ್ತು ನಿಮಿಷ, ವಾರಕ್ಕೊಮ್ಮೆ ಒಂದು ಗಂಟೆ ಸಾಕು. ನೋಡಿದವರ ಎಣಿಕೆಯನ್ನು ತಿಂಗಳಿಗೊಮ್ಮೆ ನೋಡಿದರಾಯಿತು. ಗಿಡ ನೆಟ್ಟು ದಿನವೂ ಬೇರು ಕಿತ್ತು ನೋಡುವವರುಂಟೇ?

ಇನ್ನೊಂದು ಮಾತು ಮಕ್ಕಳಿಗೂ ಪಾಲಕರಿಗೂ ಸೇರಿದ್ದು. ಒಂದು ದಿನ ಹುಡುಗಿ ನೆಂಟರ ಮನೆಗೆ ಹೋಗಿರುತ್ತಾಳೆ, ಅಂದು ಬೆಳಿಗ್ಗೆ ಅಳತೆ ತಪ್ಪುತ್ತದೆ. ಆಗ ಏನು ಮಾಡುವುದು? ಪಕ್ಕದ ಮನೆಯವರು ‘ಜೋರು ಮಳೆ’ ಎಂದರೆಂದು 20 ಮಿಲಿಮೀಟರ್ ಎಂದು ಬರೆದುಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಅಂಕಿಯನ್ನು ನಂಬಿ ಯಾರೋ ಬಿತ್ತನೆ ಬೀಜ ತರಲು ಹೊರಟಿರಬಹುದು, ಯಾರೋ ಅಂದು ಪಂಪು ಹಾಕುವುದು ಬೇಡವೆಂದಿರಬಹುದು. ಆ ಸಾಲಿನಲ್ಲಿ ‘ಅಳೆದಿಲ್ಲ’ ಎಂದು ಬರೆಯುವುದೇ ಸರಿ. ಆ ಒಂದು ಪದದಿಂದ ಉಳಿದ ಎಲ್ಲ ಅಂಕಿಗಳ ಮೇಲೂ ಓದುವವರಿಗೆ ನಂಬಿಕೆ ಹುಟ್ಟುತ್ತದೆ. ಗಳಗನಾಥರು ಮನೆಬಾಗಿಲಿಗೆ ಹೋಗಿ ಗಳಿಸಿದ್ದೂ ಇಂಥ ನಂಬಿಕೆಯನ್ನೇ.

ಈ ಭಾನುವಾರ ಮಾಡಿ ನೋಡಿ: ಒಂದು ದಾಳ ತೆಗೆದುಕೊಂಡು ಬೀರೂರಿನ ಲೆಕ್ಕವನ್ನು ನೂರು ಪ್ರಯಾಣಗಳಿಗೆ ಆಡಿ. ಆಮೇಲೆ ಚಿಕ್ಕಮಗಳೂರನ್ನು ಸೇರಿಸಿ ಮತ್ತೆ ನೂರು ಆಡಿ. ಕಡೂರಿನ ಪಾಲು ಎಷ್ಟು ಬದಲಾಯಿತೆಂದು ಬರೆದಿಡಿ. ಅದು ಮುಗಿದ ಮೇಲೆ ಹಿತ್ತಿಲಲ್ಲಿ ಒಂದು ಡಬ್ಬಿ ಇಡಿ. ಕೆಲವು ವಾರ ಕಳೆಯಲಿ. ಯಾವುದಾದರೂ ಬೆಳಿಗ್ಗೆ ಅಪ್ಪ ತೋಟಕ್ಕೆ ಹೊರಡುವ ಮುನ್ನ ಬಾಗಿಲಲ್ಲಿ ನಿಂತು, ‘ರಾತ್ರಿ ಎಷ್ಟು ಬಿತ್ತಮ್ಮ?’ ಎಂದು ಕೇಳಿದರೆ ಮೊದಲ ಓದುಗ ಮನೆಯಲ್ಲೇ ಸಿಕ್ಕರೆಂದು ತಿಳಿಯಿರಿ.